ಹೂ ತಿನ್ನುವ ಹುಳಗಳು

ಹುಬ್ಬಳ್ಳಿಯ ಮನೆ ಬಿಟ್ಟು ಬೈಲಹೊಂಗಲದ ತವರಿಗೆ ನಾನು ಬಂದದ್ದು ಒಂದು ಸಣ್ಣ ಗೂಡ್ಸ್ ಗಾಡಿಯಲ್ಲಿ, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು. ಹಿಂದೆ ಗಾದಿಯಲ್ಲಿ ಸುತ್ತಿದ ಗಾಜಿನ ತೊಟ್ಟಿ ಇತ್ತು. ಒದ್ದೆ ಪೇಪರು ಹೊದಿಸಿದ ಕಲ್ಲುಗಳು ಪ್ಲಾಸ್ಟಿಕ್ ಟಬ್ಬುಗಳಲ್ಲಿದ್ದವು. ಮುಚ್ಚಳ ಹಾಕಿದ ಬಕೆಟ್ಟುಗಳಲ್ಲಿ ಉಪ್ಪುನೀರು, ಅದರೊಳಗೆ ಮೀನು. ನನ್ನ ಬಟ್ಟೆಬರೆಯ ಚೀಲ ನನ್ನ ತೊಡೆಯ ಮೇಲಿತ್ತು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಬಕೆಟ್ಟು ನೋಡಿದಳು.

“ಇವೇನವಾ?”

“ಮೀನು.”

“ಜೀವಂತ ಅವೇನು?”

“ಹೂಂ.”

ಅವಳು ಮತ್ತೇನೋ ಕೇಳುವವಳಿದ್ದಳು. ಅಪ್ಪ ಒಳಗಿಂದ ಬಂದು ಗಾಡಿಯವರಿಗೆ, “ಪಡಸಾಲ್ಯಾಗ ಇಡ್ರಿ, ಒಳಗಿನ ಗ್ವಾಡಿಗೆ ಹಚ್ಚಿ. ಅಲ್ಲೆ ತಂಪಿರ್ತದ” ಅಂದರು. ಅಷ್ಟೇ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಮನುಷ್ಯ. ಹೂಲಿಯಲ್ಲಿ ನಮ್ಮ ಹಿರಿಯರಿಗೆ ಗುಡಿಯ ಪೂಜೆ ಇತ್ತಂತೆ. ಅಂಥ ಮನೆಯ ಪಡಸಾಲೆಯಲ್ಲಿ, ಮೀನು ಬದುಕುವ ಒಂದು ತೊಟ್ಟಿ ನಿಂತುಕೊಂಡಿತು.

ತೊಟ್ಟಿ ಶುರು ಮಾಡಿದವನು ನನ್ನ ಗಂಡ. ಸ್ವಲ್ಪ ಕಾಲ ಹುಚ್ಚು ಹಿಡಿದವನಂತೆ ಓದಿದ, ಬಣ್ಣದ ಮೆತ್ತನೆಯ ಹವಳಗಳನ್ನು ತಂದ, ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟ. ನೀರು ಬದಲಿಸುವುದು, ಉಪ್ಪು ಅಳೆಯುವುದು ಎಲ್ಲ ನನಗೆ ಬಂತು. ನಮ್ಮಿಬ್ಬರ ನಡುವೆಯೂ ಹೀಗೇ ಏನೋ ನಿಂತುಹೋಯಿತು. ಅವನಿಗೆ ಇನ್ನೊಬ್ಬಳಿದ್ದಳು ಎಂದಿದ್ದರೆ ಜನಕ್ಕೆ ತಿಳಿಯುತ್ತಿತ್ತು. ಹಾಗೇನೂ ಇರಲಿಲ್ಲ. ಹೊಡೆತ ಬಡಿತ ಇರಲಿಲ್ಲ, ಕುಡಿತ ಇರಲಿಲ್ಲ. ಒಂದು ಸಂಜೆ ಅವನು, “ನಾವಿಬ್ಬರೂ ಹಿಂಗ್ಯಾಕ ಇರಬೇಕು?” ಎಂದು ಕೇಳಿದ. ಕೋರ್ಟಿನ ಕೆಲಸ ಮುಗಿದ ಮೇಲೆ ಸಾಮಾನು ಹಂಚುವಾಗ, “ತೊಟ್ಟಿ ನೀನ ಒಯ್ಯಿ. ಇಲ್ಲಂದ್ರ ಖಾಲಿ ಮಾಡಿ ಮಾರತೇನಿ” ಅಂದ. ಒಯ್ದೆ.

ತವರಿಗೆ ಬಂದ ಮೇಲೆ ಬಂಧುಗಳು ಬಂದುಹೋದರು. ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಅವರಿಗೆ ನೀರು ತಂದುಕೊಟ್ಟೆ, ಚಹಾ ಮಾಡಿದೆ. ನನಗೆ ಅಳು ಬರಲಿಲ್ಲ. ತಡೆದುಕೊಂಡದ್ದಲ್ಲ, ತಡೆಯಲು ಏನೂ ಇರಲಿಲ್ಲ. ಊಟಕ್ಕೆ ಕರೆದರೆ ಹೋಗುತ್ತಿದ್ದೆ, ಹಾಸಿಗೆ ಹಾಸಿದರೆ ಮಲಗುತ್ತಿದ್ದೆ. ಹುಬ್ಬಳ್ಳಿಯ ಕಾಲೇಜಿನ ಗ್ರಂಥಾಲಯದ ಕೆಲಸವನ್ನೂ ಬಿಟ್ಟುಬಂದಿದ್ದೆನಾದ್ದರಿಂದ ಹಗಲಿಗೆ ತೊಟ್ಟಿಯ ಕೆಲಸವೊಂದೇ ಇತ್ತು. ಓಣಿಯ ತುದಿಯ ಶುದ್ಧನೀರಿನ ಘಟಕದಿಂದ ಕ್ಯಾನು ತರುವುದು, ಅದರಲ್ಲಿ ತೊಟ್ಟಿಗೆಂದೇ ತರಿಸಿದ ಉಪ್ಪು ಕದಡುವುದು. ಉಪ್ಪಿನ ಪಾರ್ಸೆಲ್ ಬಂದ ದಿನ ಅವ್ವ, “ಅಡಗಿ ಮನ್ಯಾಗ ಡಬ್ಬಿ ತುಂಬ ಉಪ್ಪದ, ಮತ್ತ ಊರ ಹೊರಗಿಂದ ತರಸ್ತಾಳ” ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಮೀನಿನ ಆಹಾರದಲ್ಲಿ ಮೀನಿನ ಪುಡಿ ಇದೆ ಎಂದು ತಿಳಿದಾಗ ಆ ಡಬ್ಬಿ ಹೊರಗಿನ ಕಟ್ಟೆಗೆ ಹೋಯಿತು. ಅದನ್ನು ಮುಟ್ಟಿದ ಮೇಲೆ ಹಿತ್ತಿಲಲ್ಲಿ ಸಾಬೂನು ಹಚ್ಚಿ ಕೈ ತೊಳೆದೇ ಒಳಗೆ ಬರಬೇಕು ಎಂದಾಯಿತು. ನಾನು ಹಾಗೇ ಮಾಡುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೇ ಮೊದಲು ಅದು ಕಂಡಿತು.

“ಇಲ್ನೋಡ, ನಿನ್ನ ಕಲ್ಲಿನ ಮ್ಯಾಲೆ ಹೂ ಬಿಟ್ಟದ.”

ಹೋಗಿ ನೋಡಿದೆ. ಕಂದು ಬಣ್ಣದ, ಗಾಜಿನಂತೆ ತಿಳಿಯಾದ ಒಂದು ಕಾಂಡ. ತುದಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಎಳೆಗಳು. ನೀರಿನ ಸೆಳೆತಕ್ಕೆ ಮೆಲ್ಲಗೆ ಆಡುತ್ತಿದ್ದವು. ಅದು ಹೂವಲ್ಲ, ಪ್ರಾಣಿ. ಕಡಲ ಹೂ ಅನ್ನುತ್ತಾರೆ. ಇದರಲ್ಲಿ ಎಷ್ಟೋ ಜಾತಿ. ಈ ಜಾತಿಯದು ತೊಟ್ಟಿ ಇಟ್ಟವರಿಗೆಲ್ಲ ಹೊಲದ ಕಳೆ ಇದ್ದಂತೆ. ಎಳೆಗಳಲ್ಲಿ ಚುಚ್ಚುವ ವಿಷ, ಪಕ್ಕದ ಹವಳಗಳನ್ನು ಸುಟ್ಟು ಜಾಗ ಹಿಡಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಒಂದೇ ಇರುವಾಗ ತೆಗೆಯಬೇಕು ಅನ್ನುವುದೂ ಗೊತ್ತಿತ್ತು. ನೋಡಿದೆ, “ಹೂಂ” ಅಂದೆ, ಹೋಗಿ ಬಟ್ಟೆ ಮಡಚಿದೆ.

ಕೆಲವು ವಾರಗಳಲ್ಲಿ ಕಲ್ಲಿನ ಒಂದು ಮಗ್ಗುಲು ಪೂರ್ತಿ ಕಂದಾಯಿತು. ಅಂಗಿಯ ಗುಂಡಿಯಂತೆ ಅರಳಿಕೊಳ್ಳುತ್ತಿದ್ದ ಹಸಿರು ಹವಳಗಳು ಬಾಯಿ ಮುಚ್ಚಿಕೊಂಡವು. ಆಗಲೂ ನನಗೆ ಬೇಸರವೇನೂ ಆಗಲಿಲ್ಲ. ಆದರೆ ಕೈಗೆ ಕೆಲಸ ಬೇಕಿತ್ತು. ಚಾಕುವಿನಿಂದ ಹೆರೆದೆ. ಹೆರೆದಾಗ ಉಳಿದ ಚೂರು ಚೂರೂ ಮತ್ತೊಂದು ಹೂವಾಯಿತು. ಸುಣ್ಣದ ತಿಳಿ ಚುಚ್ಚಿದರೆ ಸಾಯುತ್ತವೆ ಎಂದು ಎಲ್ಲೋ ಓದಿದ್ದೆ. ಔಷಧದ ಅಂಗಡಿಯಿಂದ ಸಿರಿಂಜು ತಂದು, ಅಪ್ಪನ ಎಲೆ-ಅಡಿಕೆಯ ತಟ್ಟೆಯಿಂದ ಸುಣ್ಣದ ಡಬ್ಬಿ ಎತ್ತಿಕೊಂಡೆ.

“ನಾ ತಿನ್ನೂ ಸುಣ್ಣಾ ಅದಕ್ಕ್ಯಾಕ?” ಅಪ್ಪ ಕೇಳಿದರು.

“ಆ ಹೂ ಸಾಯಿಸ್ಲಿಕ್ಕೆ.”

ಅವರು ಬಂದು ನಿಂತು ನೋಡಿದರು. ಸೂಜಿ ತಾಗಿದೊಡನೆ ಹೂ ಕುಗ್ಗಿ ಮುದ್ದೆಯಾಯಿತು. ಅಪ್ಪ ಹೋಗಿ ಕುರ್ಚಿಯಲ್ಲಿ ಕೂತರು. ಅವತ್ತು ಊಟವಾದ ಮೇಲೆ ಎಲೆ ಹಾಕಿಕೊಳ್ಳಲಿಲ್ಲ. ಸುಣ್ಣದಿಂದ ಎದುರಿಗಿದ್ದವು ಸತ್ತವು, ಕಲ್ಲಿನ ಸಂದಿಗಳಲ್ಲಿದ್ದವು ಉಳಿದವು.

ಆಗ ಬೆಂಗಳೂರಿನ ಒಬ್ಬ ಹೆಂಗಸಿನ ಫೋನ್ ನಂಬರು ಸಿಕ್ಕಿತು. ಅವಳು ಈ ಹೂವನ್ನು ತಿನ್ನುವ ಕಡಲಹುಳಗಳನ್ನು ಮನೆಯಲ್ಲಿ ಸಾಕಿ ಮಾರುತ್ತಿದ್ದಳು. ಚಿಪ್ಪಿಲ್ಲದ ಬಸವನಹುಳು ಅನ್ನಬಹುದು, ಬೆರಳಿನ ಉಗುರಿನಷ್ಟು ಉದ್ದ. ಈ ಒಂದು ಜಾತಿಯ ಕಡಲ ಹೂ ಬಿಟ್ಟು ಲೋಕದಲ್ಲಿ ಅದು ಬೇರೇನನ್ನೂ ತಿನ್ನುವುದಿಲ್ಲ. ನನ್ನ ತೊಟ್ಟಿಯಲ್ಲಿ ಯಾವ ಯಾವ ಮೀನುಗಳಿವೆ ಎಂದು ಅವಳು ಕೇಳಿದಳು. ಹೇಳಿದೆ. ಕಿತ್ತಳೆ ಬಣ್ಣದ ಒಂದು ಜೋಡಿ, ಮತ್ತೆ ಮೈಮೇಲೆ ನೀಲಿ ಗೆರೆಗಳಿರುವ ಒಂದು ಚುರುಕು ಮೀನು.

“ಆ ಗೆರೆ ಮೀನು ಇದ್ರೆ ಕಳಿಸಲ್ಲಮ್ಮ. ಒಂದೇ ದಿನಕ್ಕೆ ಎಲ್ಲಾ ನುಂಗಿಹಾಕುತ್ತೆ. ಮೊದಲು ಅದನ್ನ ಆಚೆ ತೆಗೀರಿ” ಅಂದಳು.

ಅದು ನನ್ನ ಗಂಡನಾಗಿದ್ದವನು ತಂದ ಮೀನು. ಕೊನೆಯವರೆಗೂ ಅವನು ನಿಂತು ನೋಡುತ್ತಿದ್ದದ್ದು ಅದೊಂದನ್ನೇ. ನಾನು ಅವನಿಗೆ ಫೋನ್ ಮಾಡಿದೆ. ಹುಬ್ಬಳ್ಳಿ ಬಿಟ್ಟ ಮೇಲೆ ಅದೇ ಮೊದಲ ಮಾತು.

“ಆ ಗೆರಿ ಮೀನು ನಿನಗ ಬೇಕಾದ್ರ ಒಯ್ಯಿ. ಇಲ್ಲೆ ಇಡ್ಲಿಕ್ಕೆ ಬರೂದಿಲ್ಲ.”

“ರವಿವಾರ ಬರತೇನಿ” ಅಂದ.

ರವಿವಾರ ಬೆಳಗ್ಗೆ ಬಂದ. ಕೈಯಲ್ಲಿ ಬಕೆಟ್ಟು, ಒಂದು ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತುಕೊಂಡ. ಮೊದಲೆಲ್ಲ ಅಪ್ಪನನ್ನು ಮಾಮಾ ಅನ್ನುತ್ತಿದ್ದವನು ಅಂದು, “ನಮಸ್ಕಾರ ಸರ್” ಅಂದ.

“ಬರ್ರಿ, ಒಳಗ ಬರ್ರಿ. ಕೂಡ್ರಿ” ಅಂದರು ಅಪ್ಪ. ಅಳಿಯ ದೀಪಾವಳಿಗೆ ಬಂದಾಗ ಹೇಗೆ ಅನ್ನುತ್ತಿದ್ದರೋ ಹಾಗೇ.

ಆ ಮೀನನ್ನು ಬಲೆಯಲ್ಲಿ ಹಿಡಿಯಲಾಗುವುದಿಲ್ಲ, ಕಲ್ಲಿನ ಸಂದಿಗೆ ನುಗ್ಗಿಬಿಡುತ್ತದೆ. ಬಾಟಲಿಯ ಕುತ್ತಿಗೆಯನ್ನು ತಿರುಗಿಸಿ ಒಳಗೆ ಸಿಕ್ಕಿಸಿ, ಅದರೊಳಗೆ ಆಹಾರ ಇಟ್ಟು ನೀರಿನಲ್ಲಿ ಮಲಗಿಸಿ ಕಾಯಬೇಕು. ಅವನು ತೊಟ್ಟಿಯ ಮುಂದೆ ನೆಲದ ಮೇಲೆ ಕೂತ. ನಾನು ಗೋಡೆಗೆ ಒರಗಿ ಕೂತೆ. ಅಪ್ಪ ಕುರ್ಚಿಯಲ್ಲಿ. ಮೂವರೂ ಬಾಟಲಿಯನ್ನು ನೋಡುತ್ತ ಕೂತೆವು. ಮೀನು ಬಾಯಿಯವರೆಗೆ ಬರುವುದು, ತಿರುಗಿ ಹೋಗುವುದು. ಕಿತ್ತಳೆ ಮೀನು ಎರಡು ಸಲ ಒಳಗೆ ಹೋಗಿ ಸಿಕ್ಕಿಕೊಂಡಿತು. ಅವನು ಬಿಡಿಸಿದ, ಮತ್ತೆ ಇಟ್ಟ. ಅವ್ವ ಹೊರಗೆ ಬರಲಿಲ್ಲ. ಒಳಗಿಂದ ಒಗ್ಗರಣೆಯ ಸಪ್ಪಳ ಬಂತು. ಅಪ್ಪ ಎದ್ದು ಹೋಗಿ ಅವಲಕ್ಕಿಯ ತಾಟು ತಂದು ಅವನ ಮುಂದಿಟ್ಟರು. ಅವನಿಗೆ ಸೇರುವಂತೆ ಅದರಲ್ಲಿ ಶೇಂಗಾ ಬಹಳ ಇತ್ತು. ಅವನು ತಿಂದ. ನಾವಿಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಒಂದೇ ವಸ್ತುವನ್ನು ನೋಡುತ್ತ ಕೂತು ಬಹಳ ವರ್ಷಗಳಾಗಿದ್ದವು. ಇದು ಮನಸ್ಸಿಗೆ ಬಂತು. ಬಂದು, ಹಾಗೇ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಮೀನು ಬಾಟಲಿಯೊಳಗೆ ಹೋಯಿತು. ಅವನು ಬೇಗನೆ ಬೆರಳು ಅಡ್ಡ ಇಟ್ಟು ಎತ್ತಿದ. ಬಕೆಟ್ಟಿನ ಮುಚ್ಚಳ ಹಾಕಿ, ಅಪ್ಪನಿಗೆ ಕೈ ಮುಗಿದು ಹೊರಗೆ ಬಂದ. ನಾನು ಗೇಟಿನವರೆಗೆ ಹೋದೆ.

“ಆರಾಮ ಇದ್ದೀಯಲ್ಲ?”

“ಹೂಂ. ನೀ?”

“ಮನಿ ಭಾಳ ಸುಮ್ಮನಾಗೇದ. ಆ ತೊಟ್ಟಿ ಪಂಪಿನ ಸಪ್ಪಳ ಇರ್ತಿತ್ತಲ್ಲ.”

ಅಷ್ಟು ಹೇಳಿ ಹೋದ. ಅವನಿಗೆ ನೆನಪಾಗುವುದು ಪಂಪಿನ ಸಪ್ಪಳ ಎಂದಾಗ ಕೆಡುಕೆನಿಸಬೇಕಿತ್ತೇನೋ. ನನಗೆ ಅದು ಸರಿಯಾದ ಮಾತೇ ಅನ್ನಿಸಿತು. ಒಳಗೆ ಬಂದಾಗ ಅವ್ವ ಅವನ ತಾಟನ್ನು ತೊಳೆಯುತ್ತಿದ್ದಳು. ಬಹಳ ಹೊತ್ತು ತೊಳೆದಳು.

ಹುಳಗಳು ಬೆಂಗಳೂರಿನಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಪಾರ್ಸೆಲ್ಲಾಗಿ ಬಂದವು. ಬಸ್ಸು ಊರೊಳಗೆ ಬರುವುದಿಲ್ಲ, ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಕೊಟ್ಟುಹೋಗುತ್ತೇವೆ ಎಂದಿದ್ದರು. “ನಾನೂ ಬರತೇನಿ” ಎಂದು ಅಪ್ಪ ತಮ್ಮ ಹಳೆಯ ಸ್ಕೂಟರ್ ತೆಗೆದರು. ಬೆಳಗಾಗುವ ಹೊತ್ತಿಗೆ ಹೆದ್ದಾರಿಯ ಬದಿಯಲ್ಲಿ, ಚಹಾದ ಅಂಗಡಿಯ ಮುಂದೆ ನಿಂತೆವು. ಲಾರಿಗಳು ಹಾದುಹೋಗುತ್ತಿದ್ದವು. ಅಪ್ಪ ಮಫ್ಲರು ಸುತ್ತಿಕೊಂಡು, “ಒಂದು ಕೇಳ್ಲೇನು?” ಅಂದರು. ಮದುವೆಯ ವಿಷಯ ಕೇಳುತ್ತಾರೆ ಅಂದುಕೊಂಡೆ. ಬಂದಾಗಿನಿಂದ ಅವರು ಒಂದು ಸಲವೂ ಕೇಳಿರಲಿಲ್ಲ.

“ಕೇಳ್ರಿ.”

“ನೀ ಅವತ್ತ ಸುಣ್ಣಾ ಚುಚ್ಚಿದೀ, ಅದು ನನಗ ನೋಡ್ಲಿಕ್ಕಾಗ್ಲಿಲ್ಲ. ಈಗ ಈ ಹುಳ ತಂದು ಬಿಡೂದು ಮತ್ತ ಅದ ಕೆಲಸ ಅಲ್ಲೇನು?”

“ಅದ ಕೆಲಸ ಅಪ್ಪಾ.”

ಅವರು ಯೋಚಿಸಿದರು. “ಆದ್ರ ಅವು ಹೊಟ್ಟಿಗೆ ತಿಂತಾವ” ಅಂದರು. ಆಮೇಲೆ ಬಸ್ಸು ಬಂತು.

ಥರ್ಮಾಕೋಲಿನ ಡಬ್ಬಿಯಲ್ಲಿ ನೀರು ತುಂಬಿದ ಚೀಲ, ಚೀಲದಲ್ಲಿ ಬೂದುಬಿಳಿ ಎಳೆಗಳಂಥವು ಕೆಲವು. ಮನೆಗೆ ಬಂದು, ತೊಟ್ಟಿಯ ನೀರನ್ನು ಹನಿ ಹನಿಯಾಗಿ ಬೆರೆಸಿ, ಹುಳಗಳನ್ನು ಒಳಗೆ ಸೆಳೆಯದಂತೆ ಪಂಪಿನ ಬಾಯಿಗೆ ಸ್ಪಂಜು ಕಟ್ಟಿ, ಒಂದೊಂದನ್ನೇ ಕಲ್ಲಿನ ಹತ್ತಿರ ಬಿಟ್ಟೆ. ಸ್ವಲ್ಪ ಹೊತ್ತಿಗೆ ಒಂದೂ ಕಾಣಲಿಲ್ಲ. ಮರುದಿನವೂ ಕಾಣಲಿಲ್ಲ. ಅವು ಬೆಳಕಿಗೆ ಹೊರಬರುವುದಿಲ್ಲ. ಹೂಗಳು ಇದ್ದಷ್ಟೂ ಇದ್ದವು. ಸತ್ತುಹೋಗಿರಬೇಕು ಅಂದುಕೊಂಡು ನಾನು ನೋಡುವುದನ್ನು ಬಿಟ್ಟೆ.

ಅಪ್ಪ ಬಿಡಲಿಲ್ಲ. ಅವರು ನಸುಕಿನಲ್ಲೇ ಎದ್ದು ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂಡುವವರು. ಅದಕ್ಕೂ ಮೊದಲು ಬ್ಯಾಟರಿ ಹಿಡಿದು ತೊಟ್ಟಿಯ ಮುಂದೆ ಬಗ್ಗತೊಡಗಿದರು. ಒಂದು ದಿನ ನನ್ನನ್ನು ಎಬ್ಬಿಸಿದರು.

“ಏಳವಾ, ಬಾ. ಹುಳಾ ಅವ, ಅವ.”

ಹೋದೆ. ಹುಳ ಬೆಳಕಿಗೆ ಅಡಗಬಾರದೆಂದು ಬ್ಯಾಟರಿಯ ಗಾಜಿಗೆ ಕೆಂಪು ಹಾಳೆ ಕಟ್ಟಿಕೊಂಡಿದ್ದರು. ಹುಳ ಒಂದು ಹೂವಿನ ಬುಡದಲ್ಲಿತ್ತು. ಬಂದಾಗಿನದಕ್ಕಿಂತ ದಪ್ಪಗಾಗಿತ್ತು. ಮೈತುಂಬ ಮೆತ್ತನೆಯ ಕೊಳವೆಗಳು, ಅವುಗಳ ತುದಿ ಬೆಳ್ಳಗೆ. ಹೂವಿನ ಎಳೆಗಳು ಚುಚ್ಚಲು ಬಂದಾಗ ಹುಳ ಮೈ ಕುಗ್ಗಿಸಿಕೊಂಡು ಸ್ವಲ್ಪ ಹಿಂದೆ ಸರಿಯಿತು, ಕೊಳವೆಗಳನ್ನೆಲ್ಲ ನಿಮಿರಿಸಿತು, ಮತ್ತೆ ಮುಂದೆ ಬಂದು ಕಾಂಡಕ್ಕೆ ಬಾಯಿ ಹಾಕಿತು. ಹೂ ಒಳಗೆಳೆದುಕೊಂಡಿತು. ಹುಳ ಬಿಡಲಿಲ್ಲ.

“ವಿಷ ಆಗೂದಿಲ್ಲೇನು ಅದಕ್ಕ?” ಅಪ್ಪ ಪಿಸುಗುಟ್ಟಿದರು.

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ತಿಂದ ಹೂವಿನ ಚುಚ್ಚುವ ಕಣಗಳನ್ನು ಅದು ಅರಗಿಸಿಕೊಳ್ಳುವುದಿಲ್ಲ. ಹಾಗೇ ತೆಗೆದುಕೊಂಡು ಬೆನ್ನಿನ ಕೊಳವೆಗಳ ತುದಿಯಲ್ಲಿ ಇಟ್ಟುಕೊಳ್ಳುತ್ತದೆ, ತನ್ನನ್ನು ಹಿಡಿಯಲು ಬಂದವರಿಗೆ ಚುಚ್ಚಲು. ಅಪ್ಪ ಮತ್ತೆ ಬಗ್ಗಿ ಹುಳದ ಬೆನ್ನಿಗೆ ಬ್ಯಾಟರಿ ಹಿಡಿದರು. ಆ ದಿನ ಅವರ ಸಂಧ್ಯಾವಂದನೆ ತಡವಾಯಿತು.

ಆಮೇಲೆ ಗಾಜಿನ ಮೇಲೆ, ಕಲ್ಲಿನ ಮೇಲೆ ಬಿಳಿಯ ಸುರುಳಿಗಳು ಕಾಣತೊಡಗಿದವು. ಅವುಗಳ ತತ್ತಿ. ಅವ್ವ, “ಶಾವಿಗಿ ಬಿಟ್ಟಂಗ ಅದ” ಅಂದಳು. ನನ್ನನ್ನು ಮಾತಾಡಿಸಲು ಬಂದವರನ್ನೆಲ್ಲ ಅಪ್ಪ ಈಗ ತೊಟ್ಟಿಯ ಮುಂದೆ ಕೂಡಿಸಿಕೊಳ್ಳುತ್ತಿದ್ದರು. ಸವದತ್ತಿಯಿಂದ ಬಂದ ನಮ್ಮ ಸೋದರತ್ತೆ, “ಅಲ್ಲವಾ, ಅಂಥಾದ್ದೇನಾತು ನಿಮಗ?” ಎಂದು ನನ್ನ ಕಡೆ ತಿರುಗಿದಾಗ ಅಪ್ಪ, “ಅಕ್ಕಾ, ಇಲ್ಲೆ ನೋಡು. ಇದು ತಾ ತಿಂದ ವಿಷಾನ ಬೆನ್ನ ಮ್ಯಾಲೆ ಹೊತಗೊಂಡು ತಿರಗತದ” ಅಂದರು. ಹಗಲಲ್ಲವೇ, ಒಂದು ಹುಳವೂ ಕಾಣುತ್ತಿರಲಿಲ್ಲ. ಅಪ್ಪ ಬರೀ ಕಲ್ಲು ತೋರಿಸಿ ಅರ್ಧ ತಾಸು ಹೇಳಿದರು. ಅತ್ತೆ ಬೇರೆ ದಾರಿಯಿಲ್ಲದೆ ಕೇಳಿದಳು. ಹೋಗುವಾಗ ನನ್ನ ವಿಷಯ ಅರ್ಧಕ್ಕೇ ಉಳಿದಿತ್ತು. ಅವಳನ್ನು ಬಸ್ಸಿಗೆ ಬಿಟ್ಟುಬಂದ ಅಪ್ಪ ನನ್ನ ಮುಖ ನೋಡಲಿಲ್ಲ, ಪೇಪರು ತೆರೆದರು. ಅವರು ಬೇಕೆಂದೇ ಹಾಗೆ ಮಾಡಿದರೆಂದು ನನಗೆ ಅವತ್ತು ಹೊಳೆಯಿತು. ಹೋಗಿ ಅವರಿಗೆ ಚಹಾ ಮಾಡಿದೆ.

ಹೂಗಳು ಕಡಿಮೆಯಾಗತೊಡಗಿದ್ದು ಬೇಸಿಗೆ ಶುರುವಾದ ಮೇಲೆ. ನೀರು ಬಿಸಿಯಾಗಬಾರದೆಂದು ತೊಟ್ಟಿಯ ಮೇಲೆ ಒಂದು ಟೇಬಲ್ ಫ್ಯಾನು ಇಟ್ಟಿದ್ದೆ. ಕರೆಂಟು ಹೋದರೆ ಅಪ್ಪ ಬೀಸಣಿಗೆ ಹಿಡಿದು ನಿಲ್ಲುತ್ತಿದ್ದರು. ಮೊದಲು ಸಂದಿಗಳು ಖಾಲಿಯಾದವು, ಆಮೇಲೆ ಮಗ್ಗುಲು. ಒಂದು ದಿನ ಹಸಿರು ಗುಂಡಿ ಹವಳಗಳು ಬಾಯಿ ತೆರೆದವು. ಅವ್ವ ಮಾತ್ರ, “ಎಲ್ಲಾ ಹೂ ಹ್ವಾದುವಲ್ಲ” ಅಂದಳು. ಅವಳಿಗೆ ಆ ಕಂದು ಹೂಗಳೇ ಚಂದ ಕಂಡಿದ್ದವು.

ನಾನು ಅಂದುಕೊಂಡದ್ದು ಆಗಿತ್ತು. ಸಂತೋಷವಾಗಬೇಕಿತ್ತು. ಕಲ್ಲನ್ನು ನೋಡಿದೆ, ಸ್ವಚ್ಛವಾಗಿತ್ತು, ಅಷ್ಟೇ.

ಹುಳಗಳು ಹಗಲಲ್ಲಿ ಹೊರಬರತೊಡಗಿದವು. ಗಾಜಿನ ಮೇಲೆ ಮೇಲಕ್ಕೂ ಕೆಳಕ್ಕೂ ತಿರುಗಾಡುತ್ತಿದ್ದವು. ಮರಿಗಳು ಬೆಳೆದು ಬಹಳವಾಗಿದ್ದವು, ಆದರೆ ಎಲ್ಲವೂ ತೆಳ್ಳಗಾಗಿ, ಒಳಗಿನದು ಕಾಣುವಷ್ಟು ತಿಳಿಯಾಗಿದ್ದವು.

“ಯಾಕ ಹಿಂಗಾಡತಾವ?” ಅಪ್ಪ ಕೇಳಿದರು.

“ಹಸಿವಿ.”

“ಬ್ಯಾರೇನರೆ ಹಾಕು. ಮೀನಿಗೆ ಹಾಕೂದನ್ನ ಹಾಕು. ಪಲ್ಯಾದ ತಪ್ಪಲಾ ಹಾಕು.”

“ತಿನ್ನೂದಿಲ್ಲಪ್ಪಾ. ಆ ಹೂ ಒಂದ.”

ಅವರು ಕುರ್ಚಿಯ ಕೈ ಹಿಡಿದು ನಿಂತರು. “ಮತ್ತ ಇದು ನಿನಗ ಮೊದಲ ಗೊತ್ತಿತ್ತೇನು?”

“ಗೊತ್ತಿತ್ತು.”

ಅವರು ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಎಲ್ಲೆ ಅದ ಆ ಹೂ? ಮತ್ತ್ಯಾರ ಮನ್ಯಾಗ ಅದ? ಕೇಳು” ಅಂದರು. ಅವರ ದನಿ ನಡುಗುತ್ತಿತ್ತು. ನನ್ನ ಮದುವೆ ಮುರಿದ ಸುದ್ದಿ ಕೇಳಿದ ದಿನ ಅವರ ದನಿ ನಡುಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ನಾನು ಅವ್ವನಿಗೆ ಫೋನಿನಲ್ಲಿ ಹೇಳಿದ್ದೆ.

ಬೆಂಗಳೂರಿನವಳಿಗೆ ಕೇಳಿದಾಗ ಅವಳು, “ನಿಮ್ಮ ಹತ್ರದಲ್ಲೇ ರಾಮದುರ್ಗ ಅಂತ ಇದ್ಯಲ್ಲ, ಅಲ್ಲೊಬ್ಬರು ಸೀರೆ ಅಂಗಡಿಯವರು ಕೇಳ್ತಿದ್ರು” ಎಂದು ನಂಬರು ಕೊಟ್ಟಳು. ಮರುದಿನವೇ ಹೋಗಬೇಕಾಯಿತು. ಅಪ್ಪ ತೊಟ್ಟಿಯ ಮುಂದೆ ಮೊಣಕಾಲೂರಿ ಕೂತು, ಡ್ರಾಪರಿನಿಂದ ಒಂದೊಂದನ್ನೇ ಎತ್ತಿ ಅಗಲ ಬಾಯಿಯ ಉಪ್ಪಿನಕಾಯಿ ಭರಣಿಗೆ ಹಾಕಿದರು. ಆ ಭರಣಿಯನ್ನು ಅವ್ವ ತಾನಾಗಿಯೇ ಕೊಟ್ಟಳು. ಅದು ಮತ್ತೆ ಅಡಿಗೆಮನೆಯೊಳಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಕೊಟ್ಟಳು.

ತವರಿಗೆ ಬಂದ ಮೇಲೆ ನಾನು ಒಬ್ಬಳೇ ಊರು ಬಿಟ್ಟದ್ದು ಅದೇ ಮೊದಲು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿದೆ. ಭರಣಿಯನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರು, “ತುಪ್ಪೇನ್ರಿ?” ಎಂದು ಕೇಳಿದ. ಹೌದು ಅಂದೆ.

ರಾಮದುರ್ಗದ ಅಂಗಡಿಯಲ್ಲಿ ತೊಟ್ಟಿ ಸೀರೆಯ ಕಪಾಟುಗಳ ನಡುವೆ ಇತ್ತು. ಗಿರಾಕಿಗಳು ನಿಂತು ನೋಡಲಿ ಎಂದು ಇಟ್ಟದ್ದಂತೆ. ಅದರಲ್ಲಿ ಹವಳವೇ ಕಾಣುತ್ತಿರಲಿಲ್ಲ, ಕಂದು ಹೂಗಳ ಕಾಡು. ಅಂಗಡಿಯ ಮಾಲಕಿ, ನನ್ನಷ್ಟೇ ವಯಸ್ಸಿನವಳು, ಭರಣಿಯೊಳಗೆ ಇಣುಕಿದಳು.

“ಇಷ್ಟ ಸಣ್ಣವು ಅಷ್ಟೂ ತಿಂತಾವೇನ್ರಿ?”

“ತಿಂತಾವ್ರಿ. ತಡಾ ಆಗತದ. ನೋಡ್ಲಿಕ್ಕೆ ಹೋಗಬ್ಯಾಡ್ರಿ, ಬಿಟ್ಟುಬಿಡ್ರಿ. ಹೂ ಮುಗಿದ ಮ್ಯಾಲೆ ಬ್ಯಾರೆಯವರಿಗೆ ಕೊಡಬೇಕು, ಇಲ್ಲಂದ್ರ ಸಾಯ್ತಾವ.”

“ಅಯ್ಯ ಪಾಪ” ಅಂದಳು ಅವಳು.

ಗಾದಿಯ ಮೇಲೆ, ಬಿಚ್ಚಿದ ಸೀರೆಗಳ ನಡುವೆ ಕೂತು ಹನಿ ಹನಿಯಾಗಿ ನೀರು ಬೆರೆಸಿದೆ. ಆಮೇಲೆ ಬಿಟ್ಟೆ. ಬೆಳಕಿತ್ತು, ಅವು ಅಡಗಬೇಕಿತ್ತು. ಒಂದು ಅಡಗಲಿಲ್ಲ. ಕಲ್ಲಿಗೆ ಇಳಿದ ಜಾಗದಿಂದ ನೇರವಾಗಿ ಹತ್ತಿರದ ಹೂವಿಗೆ ಹೋಯಿತು. ಎಳೆಗಳು ಬಡಿದವು. ಅದು ಹಿಂದೆ ಸರಿಯಲೂ ಇಲ್ಲ, ಬಾಯಿ ಹಾಕಿತು. ಮಾಲಕಿ ಮತ್ತು ನಾನು ತಲೆಗೆ ತಲೆ ತಾಗುವಂತೆ ಬಗ್ಗಿ ನೋಡಿದೆವು. ಎಷ್ಟು ಹೊತ್ತೋ. ಅವಳು ಚಹಾ ತರಿಸಿದಳು. ಒಂದು ಗುಟುಕು ಕುಡಿದೆ. ಸಕ್ಕರೆ ಬಹಳ ಹೆಚ್ಚಾಗಿತ್ತು. ಹೆಚ್ಚಾಗಿದೆ ಎಂದು ನನಗೆ ಗೊತ್ತಾಯಿತು. ಮನೆಯಲ್ಲಿ ಅಷ್ಟು ತಿಂಗಳು ದಿನಾ ಚಹಾ ಕುಡಿದಿದ್ದೆ. ಅದರಲ್ಲಿ ಸಕ್ಕರೆ ಹೇಗಿರುತ್ತಿತ್ತೆಂದು ಕೇಳಿದರೆ ಹೇಳಲಾರೆ.

ಮರಳುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಳು. ಹೊಲದ ಕೆಲಸದವಳು, ತಲೆಯ ಮೇಲೆ ಸೆರಗು, ಕಾಲ ಬುಡದಲ್ಲಿ ಬದನೆಕಾಯಿಯ ಚೀಲ.

“ಯಾವೂರಿಗ್ರಿ?”

“ಬೈಲಹೊಂಗಲ.”

“ಗಂಡನ ಮನಿ ಅಲ್ಲೈತೇನು?”

“ಅಲ್ಲರಿ, ತವರಮನಿ.”

“ನಾಕ ದಿನಾ ಇದ್ದ ಬರಾಕ ಹೊಂಟೀರಿ.”

“ಇಲ್ಲರಿ. ಅಲ್ಲೇ ಇರತೇನಿ. ಗಂಡನ್ನ ಬಿಟ್ಟೇನಿ.”

ಆ ಮಾತನ್ನು ನಾನು ಹಾಗೆ, ನನ್ನ ಬಾಯಿಂದ, ಎದುರಿಗೆ ಕೂತ ಯಾರಿಗೂ ಹೇಳಿರಲಿಲ್ಲ. ಅವಳು ಕೈ ಹಿಡಿದುಕೊಳ್ಳುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ನನ್ನನ್ನು ಒಂದು ಸಲ ನೋಡಿದಳು.

“ಆತು ಬಿಡ್ರಿ” ಅಂದಳು. “ಒಂದೀಟು ಆ ಕಡೆ ಸರೀರಿ, ಈ ಚೀಲ ನಡುವ ಇಡತೇನಿ. ಕಾಲಾಗ ಉರುಳತೈತಿ.”

ಸರಿದೆ. ಅವಳು ಚೀಲವನ್ನು ನಮ್ಮಿಬ್ಬರ ನಡುವೆ ನಿಲ್ಲಿಸಿದಳು. ಈ ಸಲ ಬದನೆಗೆ ಹುಳ ಬಿದ್ದದ್ದು, ಮಗಳು ಶಾಲೆಯಲ್ಲಿ ಮುಂದಿರುವುದು, ತನಗೆ ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ ಬರುವುದು, ಎಲ್ಲ ಹೇಳಿದಳು. ಹೇಳುತ್ತಲೇ ನಿದ್ದೆ ಹೋದಳು. ಅವಳ ತಲೆ ನನ್ನ ಭುಜಕ್ಕೆ ಬಂತು. ಯರಗಟ್ಟಿ ಇನ್ನೂ ದೂರವಿರುವಾಗ ಒಂದು ಕ್ರಾಸಿನಲ್ಲಿ ಕಂಡಕ್ಟರು ಕೂಗಿದಾಗ ದಡಬಡಿಸಿ ಎದ್ದು, “ಬರತೇನ್ರಿ ಯಕ್ಕಾ” ಎಂದು ಇಳಿದಳು. ನನಗಿಂತ ಬಹಳ ದೊಡ್ಡವಳು.

ಬಸ್ಸು ಹೊರಟಿತು. ನಾನು ಕಿಟಕಿಯ ಗಾಜು ಸರಿಸಿ ಕೂತೆ. ಗಾಳಿ ಬಿಸಿಯಾಗಿತ್ತು. ಅದೂ ನನಗೆ ಗೊತ್ತಾಯಿತು.